ನಾಯಿ ಮೂರು ದಿನದಿಂದ ಮಂಕಾಗಿದೆ, ಮೂಗು ಮಾತ್ರ ತಣ್ಣಗಿದೆ. ಕಾಯಿಲೆಯಾ, ಸುಮ್ನೆ ಸುಸ್ತಾ?

ತೋಟದಮನೆ, ತೀರ್ಥಹಳ್ಳಿ
ಭಾನುವಾರ, ಬೆಳಿಗ್ಗೆ 10:40

ಎಲ್ಲರಿಗೂ ನಮಸ್ಕಾರ. ನಮ್ಮನೆ ಕರಿಯನ ಬಗ್ಗೆ ಕೇಳಬೇಕಿತ್ತು. ನಾಟಿ ನಾಯಿ, ಗಂಡು, ನಾಲ್ಕು ವರ್ಷ, ತೂಕ 18 ಕೆಜಿ. ಮೈಯೆಲ್ಲ ಕಪ್ಪು, ಎದೆ ಮೇಲೆ ಮಾತ್ರ ಒಂದು ಬಿಳಿ ಮಚ್ಚೆ. ರೇಬೀಸ್ ಲಸಿಕೆ ವರ್ಷ ವರ್ಷ ಹಾಕಿಸುತ್ತಿದ್ದೇವೆ.

ಬೆಳಿಗ್ಗೆ ಅಪ್ಪ ಕತ್ತಿ ಹಿಡಿದು ತೋಟಕ್ಕೆ ಹೊರಟರೆ ಸಾಕು, ಇವನು ಮುಂದೆ ಓಡಿ ದಣಪೆ (ಬೇಲಿಯ ಬಾಗಿಲು) ಹತ್ತಿರ ಕಾಯುತ್ತಾನೆ. ಮಳೆ ಬಂದರೂ ತಪ್ಪಿಸಿದವನಲ್ಲ. ಶುಕ್ರವಾರ ದಣಪೆವರೆಗೆ ಹೋದವನು ಅಲ್ಲೇ ಕೂತುಬಿಟ್ಟ. ಅಪ್ಪ ಎರಡು ಸಲ ಕರೆದರೂ ಬಾಲ ಆಡಿಸಿದನೇ ಹೊರತು ಏಳಲಿಲ್ಲ. ನಿನ್ನೆ ದಣಪೆ ತನಕವೂ ಹೋಗಲಿಲ್ಲ. ರಾತ್ರಿ ಬಚ್ಚಲ ಒಲೆ ಮುಂದೆ ಬೂದಿಯಲ್ಲಿ ಮಲಗುವುದು ಅವನ ರೂಢಿ, ಆದರೆ ನಿನ್ನೆ ಮಧ್ಯಾಹ್ನವಾದರೂ ಅಲ್ಲೇ ಇದ್ದ. ಅನ್ನ ಮೂಸಿ ಬಿಟ್ಟ. ಬಿಸ್ಕತ್ತು ಕೊಟ್ಟರೆ ತಿಂದ. ವಾಂತಿ ಇಲ್ಲ, ಭೇದಿಯೂ ಇಲ್ಲ.

ಅಮ್ಮ ಮೂಗು ಮುಟ್ಟಿ ನೋಡಿ ತಣ್ಣಗಿದೆ, ಜ್ವರ ಇಲ್ಲ ಎನ್ನುತ್ತಾರೆ. ಕೆಳಗಿನ ಕೇರಿಯಲ್ಲಿ ಹೆಣ್ಣು ನಾಯಿ ಬೆದೆಗೆ ಬಂದಿದೆ, ರಾತ್ರಿ ಸುತ್ತಿ ಸುಸ್ತಾಗಿದೆ ಎಂದು ಅಪ್ಪ. ಪಕ್ಕದ ಮನೆಯವರು ಮೈಕೈ ನೋವಿಗೆ ಅರ್ಧ ಪ್ಯಾರಾಸಿಟಮಾಲ್ ಕೊಡಿ ಎಂದರು. ಇವತ್ತು ಭಾನುವಾರ, ಇಲ್ಲಿಯ ಪಶು ಆಸ್ಪತ್ರೆಗೆ ರಜೆ. ಮಾತ್ರೆ ಕೊಟ್ಟು ನಾಳೆವರೆಗೆ ಕಾಯಬಹುದಾ? ಒಸಡು ನೋಡಬೇಕು ಅಂತ ಎಲ್ಲೋ ಓದಿದ್ದೆ. ಆದರೆ ಇವನ ಒಸಡು ಹುಟ್ಟಿದಾಗಿನಿಂದ ಕಪ್ಪೇ.


ಕೊಪ್ಪದಕ್ಕ
ಭಾನುವಾರ, ಬೆಳಿಗ್ಗೆ 10:52

ತಮ್ಮಾ, ಮಾತ್ರೆ ಕೊಡಬೇಡ. ಅರ್ಧವೂ ಬೇಡ, ಕಾಲೂ ಬೇಡ. ಒಲೆ ಮೇಲೆ ಸಾರಿದೆ, ಇಳಿಸಿ ಬಂದು ಪೂರ್ತಿ ಬರೆಯುತ್ತೇನೆ. ಅಷ್ಟರೊಳಗೆ ಅವನನ್ನು ಮೆಲ್ಲಗೆ ಹೊರಗೆ ಕರೆದುಕೊಂಡು ಹೋಗು. ಉಚ್ಚೆ ಯಾವ ಬಣ್ಣ ಇದೆ ನೋಡು. ಕಿವಿ ಹಿಂದೆ, ಬೆರಳಿನ ಸಂದಿಯಲ್ಲಿ ಉಣುಗು (ಉಣ್ಣೆ ಹುಳ) ಇದೆಯಾ ನೋಡು.


ಕೊಪ್ಪದಕ್ಕ
ಭಾನುವಾರ, ಬೆಳಿಗ್ಗೆ 11:25

ಬಂದೆ. ಸ್ವಲ್ಪ ಉದ್ದ ಆಗುತ್ತದೆ, ಆದರೂ ಓದು.

ಮೊದಲು ಮೂಗಿನ ವಿಷಯ. ಬಚ್ಚಲ ಒಲೆ ಮುಂದೆ ಮಲಗುವ ನಾಯಿಯ ಮೂಗು ಗಟ್ಟಿಮುಟ್ಟಾಗಿದ್ದಾಗಲೂ ಒಣಗಿಯೇ ಇರುತ್ತದೆ. ಈಗಷ್ಟೇ ನೀರು ಕುಡಿದ ನಾಯಿಗೆ 104 ಡಿಗ್ರಿ ಜ್ವರ ಇದ್ದರೂ ಮೂಗು ಒದ್ದೆ. ಅದನ್ನು ನಂಬಬೇಡ. ಮನೆಯಲ್ಲಿ ಡಿಜಿಟಲ್ ಥರ್ಮಾಮೀಟರ್ ಇದ್ದರೆ ತುದಿಗೆ ಕೊಬ್ಬರಿ ಎಣ್ಣೆ ಸವರಿ, ಬಾಲ ಎತ್ತಿ, ಹಿಂಬದಿಯಿಂದ ಒಂದಿಂಚು ಒಳಗೆ ಇಡು. ಒಬ್ಬರು ತಲೆ ಹಿಡಿದು ಮಾತಾಡಿಸುತ್ತಿರಲಿ. ಬೀಪ್ ಆಗುವವರೆಗೆ ಬಿಡಬೇಡ. ನಾಯಿಯ ಮೈ ನಮ್ಮದಕ್ಕಿಂತ ಬಿಸಿ, 101ರಿಂದ 102.5 ಅದಕ್ಕೆ ಸಹಜ. 103 ದಾಟಿದರೆ ಜ್ವರ. ಆ ಥರ್ಮಾಮೀಟರ್‌ಗೆ ಒಂದು ದಾರ ಕಟ್ಟಿ ನಾಯಿಗೇ ಅಂತ ಬೇರೆ ಇಟ್ಟುಬಿಡು.

ಒಸಡು ಕಪ್ಪಿದ್ದರೆ ಚಿಂತೆ ಇಲ್ಲ. ಕಣ್ಣಿನ ಕೆಳ ರೆಪ್ಪೆಯನ್ನು ಹೆಬ್ಬೆರಳಿನಿಂದ ಕೆಳಗೆ ಎಳೆದು ಒಳಗಿನ ಬಣ್ಣ ನೋಡು. ಅಂಗಳದ ಬೆಳಕಿನಲ್ಲೇ ನೋಡಬೇಕು, ಬಚ್ಚಲ ಕತ್ತಲಲ್ಲಿ ಏನೂ ಗೊತ್ತಾಗುವುದಿಲ್ಲ. ಕನ್ನಡಿ ಹಿಡಿದು ನಿನ್ನ ರೆಪ್ಪೆಯನ್ನೂ ಹಾಗೇ ಎಳೆದು ನೋಡಿಕೋ. ಅದೇ ಥರ ಗುಲಾಬಿ ಬಣ್ಣ ಇರಬೇಕು. ಬೆಳ್ಳಗಿದ್ದರೆ ರಕ್ತ ಕಮ್ಮಿಯಾಗಿದೆ. ಹಳದಿ ಛಾಯೆ ಇದ್ದರೆ ಕಾಮಾಲೆ. ಎರಡರಲ್ಲಿ ಯಾವುದಿದ್ದರೂ ನಾಳೆವರೆಗೆ ಕಾಯುವ ಮಾತೇ ಇಲ್ಲ.

ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಮ್ಮನೆಯಲ್ಲಿ ಜೂಲಿ ಇದ್ದಳು. 2019ರ ಮಾತು. ಮೇ ತಿಂಗಳಲ್ಲಿ ಎರಡು ದಿನ ಊಟ ಬಿಟ್ಟು ಮಲಗಿದ್ದಳು. ಮೂರನೇ ದಿನ ತಾನೇ ಎದ್ದು ಓಡಾಡಿದಳು, ನಾವೂ ಮರೆತೆವು. ಸೆಪ್ಟೆಂಬರ್‌ನಲ್ಲಿ ಒಂದು ಬೆಳಿಗ್ಗೆ ಜಗಲಿ ಒರೆಸುತ್ತಿದ್ದೆ. ನಮ್ಮದು ಕೆಂಪು ಗಾರೆ ನೆಲ. ನೆಲದ ಮೇಲೆ ಏನೂ ಕಾಣಲಿಲ್ಲ. ಬಟ್ಟೆ ಹಿಂಡಲು ಎತ್ತಿದರೆ ಬಿಳಿ ಬಟ್ಟೆಯ ತುಂಬ ರಕ್ತ. ಎಲ್ಲಿಂದ ಬಂತು ಎಂದು ನೋಡಿದರೆ ಅವಳ ಎಡ ಮೂಗಿನಿಂದ ತೊಟ್ಟಿಕ್ಕುತ್ತಿತ್ತು. ಎಷ್ಟು ದಿನದಿಂದ ಹಾಗೆ ಆಗುತ್ತಿತ್ತೋ, ಕೆಂಪು ನೆಲದ ಮೇಲೆ ನಮಗೆ ಕಂಡೇ ಇರಲಿಲ್ಲ. ಹೊಟ್ಟೆ ಮೇಲಕ್ಕೆ ಮಾಡಿ ಮಲಗಿಸಿದರೆ ಕೂದಲಿಲ್ಲದ ಕಡೆ ಚರ್ಮದ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಕೆಂಪು ಚುಕ್ಕೆಗಳು.

ಉಣುಗಿನಿಂದ ಬರುವ ಎರ್ಲಿಕಿಯಾ ಎಂಬ ಕಾಯಿಲೆ ಎಂದರು ಡಾಕ್ಟರು. ಮೇ ತಿಂಗಳ ಆ ಎರಡು ದಿನದ ಜ್ವರವೇ ಇದರ ಶುರು ಆಗಿರಬೇಕು ಎಂದರು. ನಾಯಿ ಹುಷಾರಾದ ಹಾಗೆ ಕಾಣುತ್ತದೆ, ರೋಗ ಒಳಗೇ ತಿಂಗಳುಗಟ್ಟಲೆ ಕೂತಿರುತ್ತದೆ, ಆಮೇಲೆ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್ಲೆಟ್‌ಗಳು ಕುಸಿಯುತ್ತವೆ. ಎರಡು ಲಕ್ಷಕ್ಕೆ ಮೇಲೆ ಇರಬೇಕಾದದ್ದು ಅವಳಿಗೆ 9 ಸಾವಿರ ಇತ್ತು. ಮೂರನೇ ದಿನ ಹೋದಳು. ಮೇ ತಿಂಗಳಲ್ಲೇ ಒಂದು ರಕ್ತ ಪರೀಕ್ಷೆ ಮಾಡಿಸಿದ್ದರೆ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್ ಮಾತ್ರೆಯಲ್ಲಿ ಉಳಿಯುತ್ತಿದ್ದಳೇನೋ. ಆ ಮಾತು ಈಗಲೂ ನನ್ನನ್ನು ಬಿಟ್ಟಿಲ್ಲ.

ಅದಕ್ಕೇ ಮಾತ್ರೆ ಬೇಡ ಎಂದಿದ್ದು. ನಮ್ಮ ನೋವಿನ ಮಾತ್ರೆಗಳಲ್ಲಿ ಕೆಲವು ನಾಯಿಯ ಹೊಟ್ಟೆಯಲ್ಲಿ ರಕ್ತ ಸೋರಿಸುತ್ತವೆ, ಪ್ಯಾರಾಸಿಟಮಾಲ್ ಲಿವರನ್ನೂ ರಕ್ತವನ್ನೂ ಕೆಡಿಸುತ್ತದೆ. ರಕ್ತವೇ ಕಮ್ಮಿ ಇರುವ ನಾಯಿಗೆ ಅದನ್ನು ಕೊಟ್ಟರೆ ಏನಾಗುತ್ತದೆ ಯೋಚಿಸು.

ಬಿಸ್ಕತ್ತು ತಿಂದ ಎಂದು ಸಮಾಧಾನ ಪಟ್ಟುಕೊಳ್ಳಬೇಡ. ಅನ್ನ ಬಿಟ್ಟು ಬಿಸ್ಕತ್ತು ಮಾತ್ರ ತಿನ್ನುವುದೂ ಹಸಿವು ಕೆಟ್ಟಿರುವ ಗುರುತೇ. ಜೂಲಿ ಕೊನೇ ದಿನವೂ ನನ್ನ ಕೈಯಿಂದ ಒಂದು ತುಂಡು ಬಿಸ್ಕತ್ತು ತಿಂದಳು.

ನಿನ್ನ ಪ್ರಶ್ನೆಯಲ್ಲೇ ಉತ್ತರ ಇದೆ ಅಲ್ವಾ? ಮಳೆಯಲ್ಲೂ ತಪ್ಪಿಸದವನು ದಣಪೆ ಹತ್ತಿರ ಕೂತುಬಿಟ್ಟ ಎಂದು ನೀನೇ ಬರೆದಿದ್ದೀಯ. ನಾಯಿ ನೋವನ್ನು ಬಾಯಿಬಿಟ್ಟು ಹೇಳುವುದಿಲ್ಲ, ಆದಷ್ಟು ಮುಚ್ಚಿಡುತ್ತದೆ. ದಿನಾ ಮಾಡುವ ಕೆಲಸ ಬಿಟ್ಟಿತು ಎಂದರೆ ಅದೇ ಅದರ ಮಾತು. ಬೆದೆಗೆ ಬಂದ ಹೆಣ್ಣಿದ್ದರೆ ಗಂಡು ನಾಯಿ ಮನೆಯಲ್ಲೇ ನಿಲ್ಲುವುದಿಲ್ಲ. ಇವನು ಬೂದಿ ಬಿಟ್ಟು ಏಳುತ್ತಿಲ್ಲ.


ನಿವೃತ್ತ ಪಶುವೈದ್ಯ, ಬೆಂಗಳೂರು
ಭಾನುವಾರ, ಬೆಳಿಗ್ಗೆ 11:48

ಕೊಪ್ಪದವರು ಬರೆದದ್ದೆಲ್ಲ ಸರಿ. ಇದನ್ನು ಓದುವ ಬೇರೆಯವರಿಗಾಗಿ ಒಂದು ಎಚ್ಚರಿಕೆ ಸೇರಿಸುತ್ತೇನೆ. ಜೊಲ್ಲು ಸುರಿಯುತ್ತಿದ್ದರೆ, ಕೆಳ ದವಡೆ ಜೋತಿದ್ದರೆ, ನೀರು ನುಂಗಲು ಆಗದಿದ್ದರೆ, ಸ್ವಭಾವ ಬದಲಾಗಿದ್ದರೆ ಒಸಡು ನೋಡುತ್ತೇನೆಂದು ಬಾಯಿಗೆ ಕೈ ಹಾಕಲೇಬೇಡಿ. ಗಂಟಲಲ್ಲಿ ಮೂಳೆ ಸಿಕ್ಕಿದೆ ಎಂದು ಕೈ ಹಾಕಿದವರನ್ನು ನನ್ನ ಸರ್ವಿಸ್‌ನಲ್ಲಿ ಹಲವು ಸಲ ನೋಡಿದ್ದೇನೆ. ಮೂಳೆ ಇರಲಿಲ್ಲ, ರೇಬೀಸ್ ಇತ್ತು. ಅಂಥ ಜೊಲ್ಲು ಗಾಯಕ್ಕೆ ತಗುಲಿದ್ದರೆ ಸಾಬೂನು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ. ಕರಿಯನಿಗೆ ಲಸಿಕೆ ಆಗಿದೆ, ನೀವು ಬರೆದ ಲಕ್ಷಣ ಬೇರೆ. ಆದರೂ ರೆಪ್ಪೆ ನೋಡುವುದೇ ಸಾಕು, ಬಾಯಿ ತೆರೆಸುವುದು ಬೇಡ.

ಇನ್ನೊಂದು ಕೆಲಸ ಮಾಡಿ. ಅವನು ಮಲಗಿ ನಿದ್ದೆಯಲ್ಲಿರುವಾಗ ಪಕ್ಕೆ ಏರಿ ಇಳಿಯುವುದನ್ನು ಒಂದು ನಿಮಿಷ ಎಣಿಸಿ. ಏರಿ ಇಳಿದರೆ ಒಂದು. 30ರ ಒಳಗಿರಬೇಕು. ಗಡಿಯಾರ ಇಟ್ಟುಕೊಂಡು ಎಣಿಸಿ, ಅಂದಾಜು ಬೇಡ.


ತೋಟದಮನೆ, ತೀರ್ಥಹಳ್ಳಿ
ಭಾನುವಾರ, ಮಧ್ಯಾಹ್ನ 12:20

ಜ್ವರ 104.2. ಉಸಿರು 44, ಎರಡು ಸಲ ಎಣಿಸಿದೆ. ರೆಪ್ಪೆ ಒಳಗೆ ಗುಲಾಬಿ ಇಲ್ಲವೇ ಇಲ್ಲ, ಸುಲಿದ ಬೆಳ್ಳುಳ್ಳಿ ಥರ ಇದೆ. ಅಂಗಳದ ಅಂಚಿನಲ್ಲಿ ಉಚ್ಚೆ ಹೊಯ್ದ. ಸಿಮೆಂಟಿನ ಮೇಲೆ ಕಾಫಿ ಡಿಕಾಕ್ಷನ್ ಚೆಲ್ಲಿದ ಹಾಗಿದೆ. ಅಪ್ಪ ಬಂದು ನೋಡಿ ಮಾತೇ ಆಡಲಿಲ್ಲ.

ಕಿವಿಯ ಒಳಮಡಿಕೆಯಲ್ಲಿ ಎಂಟು ಉಣುಗು ಸಿಕ್ಕವು. ಒಂದು ಅವರೆಕಾಳಿನಷ್ಟು ದಪ್ಪ. ಇದು ಮಂಗನ ಕಾಯಿಲೆ ಆಗಿರಬಹುದಾ ಸರ್? ಮನೆಯಲ್ಲಿ ಎರಡು ವರ್ಷದ ಮಗು ಇದೆ.


ನಿವೃತ್ತ ಪಶುವೈದ್ಯ, ಬೆಂಗಳೂರು
ಭಾನುವಾರ, ಮಧ್ಯಾಹ್ನ 12:31

ಈಗಲೇ ಹೊರಡಿ. ಊಟ ಮುಗಿಸಿ ಅಂತಲೂ ಬೇಡ.

ಜ್ವರ, ಬಿಳಿಚಿದ ರೆಪ್ಪೆ, ಡಿಕಾಕ್ಷನ್ ಬಣ್ಣದ ಮೂತ್ರ, ಮೈಮೇಲೆ ಉಣುಗು. ಇಷ್ಟೂ ಸೇರಿದರೆ ನನ್ನ ಮೊದಲ ಅನುಮಾನ ಬಬೀಸಿಯಾ. ಉಣುಗು ಕಚ್ಚಿದಾಗ ರಕ್ತಕ್ಕೆ ಸೇರುವ ಪರೋಪಜೀವಿ ಅದು. ಕೆಂಪು ರಕ್ತಕಣದೊಳಗೆ ಹೊಕ್ಕು ಕಣವನ್ನೇ ಒಡೆಯುತ್ತದೆ. ಒಡೆದ ಕಣದ ಬಣ್ಣ ಮೂತ್ರದಲ್ಲಿ ಬರುತ್ತದೆ. ಇಲಿಜ್ವರದಲ್ಲೂ ಮೂತ್ರದ ಬಣ್ಣ ಬದಲಾಗುವುದುಂಟು, ಅದು ಮನುಷ್ಯರಿಗೂ ಹರಡುತ್ತದೆ. ಹಾಗಾಗಿ ಪರೀಕ್ಷೆ ಆಗುವವರೆಗೆ ಆ ಮೂತ್ರವನ್ನು ಬರಿಗೈಯಲ್ಲಿ ತೊಳೆಯಬೇಡಿ, ಬ್ಲೀಚಿಂಗ್ ಪುಡಿ ಹಾಕಿ.

ಮಂಗನ ಕಾಯಿಲೆ ಬೇರೆ. ಅದು ವೈರಸ್, 1957ರಲ್ಲಿ ನಿಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದದ್ದು. ಹರಡುವುದು ಮುಖ್ಯವಾಗಿ ಕಾಡಿನ ಉಣುಗಿನಿಂದ. ಈಗ ನಾಯಿಯಲ್ಲಿ ಕಾಣುತ್ತಿರುವ ರೋಗ ಅದಲ್ಲ. ಆದರೆ ಕಾಡಂಚಿನಲ್ಲಿ ಓಡಾಡುವ ನಾಯಿಯ ಮೈಮೇಲೆ ಕಾಡಿನ ಉಣುಗೂ ಹತ್ತಿ ಮನೆಗೆ ಬರಬಹುದು. ಮಗುವನ್ನು ಸದ್ಯ ಅವನ ಹತ್ತಿರ ಮಲಗಿಸಬೇಡಿ, ಉಣುಗನ್ನು ಉಗುರಿನಲ್ಲಿ ಕುಟ್ಟಬೇಡಿ.

ಕರೆದೊಯ್ಯುವಾಗ ನಡೆಸಬೇಡಿ. ಗೋಣಿಚೀಲ ಹಾಸಿ ನಾಲ್ಕು ಮೂಲೆ ಹಿಡಿದು ಎತ್ತಿ. ಮೂತ್ರದ ಒಂದು ಫೋಟೋ ತೆಗೆದುಕೊಂಡು ಹೋಗಿ. ಜ್ವರ ಎಷ್ಟಿತ್ತು, ಯಾವ ಗಂಟೆಗೆ, ಯಾವಾಗಿನಿಂದ ಊಟ ಬಿಟ್ಟ, ಎಲ್ಲ ಒಂದು ಚೀಟಿಯಲ್ಲಿ ಬರೆದು ಕೊಡಿ. ರಕ್ತದ ಎಣಿಕೆಯ ಜೊತೆ ಸ್ಲೈಡ್ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆಯನ್ನೂ ಕೇಳಿ.


ಕೊಪ್ಪದಕ್ಕ
ಭಾನುವಾರ, ಮಧ್ಯಾಹ್ನ 12:36

ಹೊರಡುವ ಮುಂಚೆ ಫೋನ್ ಮಾಡಿ ತೆರೆದಿದೆಯಾ ಕೇಳಿಕೋ ತಮ್ಮಾ. ದಾರಿಯಲ್ಲಿ ಜೀಪಿನ ಕಿಟಕಿ ತೆಗೆದಿಡು. ಅಮ್ಮ ಪಕ್ಕದಲ್ಲೇ ಕೂತಿರಲಿ, ಅವನಿಗೆ ಪರಿಚಯದ ದನಿ ಕೇಳಬೇಕು.


ಚಾಮುಂಡಿಪುರಂ, ಮೈಸೂರು
ಸೋಮವಾರ, ಬೆಳಿಗ್ಗೆ 8:15

ನಿನ್ನೆಯಿಂದ ಓದುತ್ತಿದ್ದೇನೆ. ಕರಿಯ ಹೇಗಿದ್ದಾನೆ ಸರ್? ದಯವಿಟ್ಟು ತಿಳಿಸಿ.

ನಮ್ಮದು ಹೆಣ್ಣು ನಾಯಿ, ಏಳು ವರ್ಷ, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿರಲಿಲ್ಲ. ಹೋದ ಏಪ್ರಿಲ್‌ನಲ್ಲಿ ದಿನಕ್ಕೆ ಮೂರು ನಾಲ್ಕು ಸಲ ನೀರಿನ ಬಟ್ಟಲು ಖಾಲಿ ಮಾಡುತ್ತಿದ್ದಳು. ಬೇಸಿಗೆ ಅಲ್ವಾ ಅಂದುಕೊಂಡೆವು. ಬೆದೆ ಮುಗಿದು ಆರು ವಾರ ಆಗಿತ್ತು. ಹಿಂಬದಿ ಜಾಸ್ತಿ ನೆಕ್ಕಿಕೊಳ್ಳುತ್ತಿದ್ದಳು, ಹೊದಿಕೆ ಮೇಲೆ ಕೀವಿನ ಕಲೆ ಕಂಡಾಗ ಕರೆದುಕೊಂಡು ಹೋದೆವು. ಗರ್ಭಕೋಶದಲ್ಲಿ ಕೀವು ತುಂಬಿತ್ತು. ಅದೇ ರಾತ್ರಿ ಆಪರೇಷನ್ ಮಾಡಿ ಉಳಿಸಿದರು. ರೆಪ್ಪೆಯಿಂದ ಮಾತ್ರ ಅಲ್ಲ, ನೀರಿನ ಬಟ್ಟಲಿನಿಂದಲೂ ಕಾಯಿಲೆ ಗೊತ್ತಾಗುತ್ತದೆ. ಹೆಣ್ಣು ನಾಯಿ ಇರುವವರು ಬೆದೆಯ ದಿನಾಂಕ ಬರೆದಿಟ್ಟುಕೊಳ್ಳಿ.


ತೋಟದಮನೆ, ತೀರ್ಥಹಳ್ಳಿ
ಸೋಮವಾರ, ರಾತ್ರಿ 9:05

ಎಲ್ಲರ ಕ್ಷಮೆ ಇರಲಿ, ನಿನ್ನೆ ಬರೆಯಲು ಆಗಲಿಲ್ಲ. ಶಿವಮೊಗ್ಗದಲ್ಲಿ ಭಾನುವಾರವೂ ತೆರೆದಿರುವ ಒಂದು ಕ್ಲಿನಿಕ್ ಸಿಕ್ಕಿತು. ಮುಟ್ಟುವಷ್ಟರಲ್ಲಿ ಎರಡೂವರೆ ಗಂಟೆ. ಹಿಮೋಗ್ಲೋಬಿನ್ 5.8. ನಾಯಿಗೆ 12ರ ಮೇಲೆ ಇರಬೇಕಂತೆ. ಪ್ಲೇಟ್ಲೆಟ್ 41 ಸಾವಿರ. ಡಾಕ್ಟರು ಸ್ಲೈಡ್ ತೋರಿಸಿದರು. ದುಂಡಗಿನ ಕಣದೊಳಗೆ ಸಣ್ಣ ಉಂಗುರದ ಥರ ಇತ್ತು. ಬಬೀಸಿಯಾವೇ ಸರ್, ನೀವು ಹೇಳಿದ್ದು.

ಇಂಜೆಕ್ಷನ್ ಕೊಟ್ಟು ಡ್ರಿಪ್ ಹಾಕಿದರು. ಹಿಮೋಗ್ಲೋಬಿನ್ ಇನ್ನೂ ಕೆಳಗಿಳಿದರೆ ಬೇರೆ ನಾಯಿಯ ರಕ್ತ ಕೊಡಬೇಕಾಗುತ್ತದೆ ಎಂದರು. ಅಪ್ಪನ ಸ್ನೇಹಿತರ ಮನೆಯ 30 ಕೆಜಿಯ ಲ್ಯಾಬ್ರಡಾರನ್ನು ಸಿದ್ಧ ಇಟ್ಟಿದ್ದೆವು. ದೇವರ ದಯೆ, ಅದು ಬೇಕಾಗಲಿಲ್ಲ. ಬೆಳಿಗ್ಗೆ 6.1 ಇತ್ತು. ಇವತ್ತು ಸಂಜೆ ಮನೆಗೆ ತಂದಿದ್ದೇವೆ. ದಿನಾ ಹೋಗಿ ತೋರಿಸಬೇಕು. ಜೊತೆಗೆ ಎರ್ಲಿಕಿಯಾವೂ ಇರಬಹುದೆಂದು 28 ದಿನ ಡಾಕ್ಸಿಸೈಕ್ಲಿನ್ ಬರೆದಿದ್ದಾರೆ.

ಮಾತ್ರೆ ಕೊಡಿ ಎಂದಿದ್ದ ಪಕ್ಕದ ಮನೆಯವರೇ ಇವತ್ತು ಎರಡು ಸಲ ಬಂದು ನೋಡಿಕೊಂಡು ಹೋದರು. ಅವರೂ ಒಳ್ಳೆಯದಕ್ಕೇ ಹೇಳಿದ್ದು. ರೆಪ್ಪೆ ಹೇಗೆ ನೋಡುವುದೆಂದು ಅವರಿಗೆ ತೋರಿಸಿದೆ. ಅವರ ನಾಯಿಯದು ಗುಲಾಬಿ ಇದೆ.

ಅಕ್ಕ, ಉಣುಗಿಗೆ ಏನು ಮಾಡಲಿ? ಕೊಟ್ಟಿಗೆಯಲ್ಲಿ ದನಕ್ಕೆ ಹೊಡೆಯುವ ಔಷಧಿ ಇದೆ, ಅದನ್ನೇ ಇವನಿಗೂ ಹಚ್ಚಬಹುದಾ?


ಕೊಪ್ಪದಕ್ಕ
ಮಂಗಳವಾರ, ಬೆಳಿಗ್ಗೆ 6:50

ರಾತ್ರಿಯೇ ಓದಿದೆ, ಕಣ್ಣು ತುಂಬಿ ಬಂತು. ಹಾಲು ಡೈರಿಗೆ ಕಳಿಸಿ ಈಗ ಬರೆಯುತ್ತಿದ್ದೇನೆ.

ದನದ ಔಷಧಿ ಬೇಡ. ಅದರ ಅಳತೆಯೇ ಬೇರೆ, ನಾಯಿ ಮೈ ನೆಕ್ಕಿಕೊಂಡರೆ ವಿಷ. ಸೀಮೆಎಣ್ಣೆಯೂ ಬೇಡ, ಚರ್ಮ ಸುಡುತ್ತದೆ. ಸದ್ಯಕ್ಕೆ ದಿನಾ ಸಂಜೆ ಚಿಮುಟದಿಂದ ತೆಗಿ. ಚರ್ಮಕ್ಕೆ ಒತ್ತಿ ಹಿಡಿದು ನೇರ ಎಳೆಯಬೇಕು, ತಿರುಚಬಾರದು. ಸಾಬೂನು ನೀರಿನ ಡಬ್ಬಿಗೆ ಹಾಕು. ಉಣುಗು ಕಚ್ಚಿದ ಗಳಿಗೆಗೇ ಬಬೀಸಿಯಾ ಹರಡುವುದಿಲ್ಲವಂತೆ, ಒಂದೆರಡು ದಿನ ಕಚ್ಚಿಕೊಂಡೇ ಇರಬೇಕಂತೆ. ಅದಕ್ಕೇ ದಿನಾ ತೆಗೆಯುವುದು, ವಾರಕ್ಕೊಮ್ಮೆ ಸಾಲದು. ಕೈಗೆ ಗ್ಲೌಸ್ ಹಾಕಿಕೋ. ತಿಂಗಳಿಗೊಮ್ಮೆ ಕೊಡುವ ಅಗಿಯುವ ಮಾತ್ರೆ ಬರುತ್ತದೆ. ತೂಕ ನೋಡಿ ಕೊಡಬೇಕು, ಇವನು ಚೇತರಿಸಿಕೊಂಡ ಮೇಲೆ ಯಾವಾಗ ಶುರು ಮಾಡಬಹುದೆಂದು ನಿಮ್ಮ ಡಾಕ್ಟರನ್ನು ಕೇಳು.

ನಾಯಿಗಿಂತ ಮೊದಲು ನೀನು ನೋಡಬೇಕಾದದ್ದು ಬಚ್ಚಲು. ನಾಯಿಯ ಕಂದು ಉಣುಗು ರಕ್ತ ಕುಡಿದು ಉದುರಿ, ಗೋಡೆಯ ಬಿರುಕಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಮರಿಗಳು ತಿಂಗಳುಗಟ್ಟಲೆ ಉಪವಾಸ ಕಾಯಬಲ್ಲವು. ಜೂಲಿ ಹೋದ ಮೇಲೆ ನಾನು ಟಾರ್ಚ್ ಹಿಡಿದು ನೋಡಿದೆ. ಒಲೆ ಪಕ್ಕದ ಮಣ್ಣಿನ ಗೋಡೆಯಲ್ಲಿ ನನ್ನ ಎದೆಮಟ್ಟಕ್ಕೆ ಒಂದು ಸೀಳು ಇತ್ತು. ಅದರಲ್ಲಿ ರಾಗಿ ಸುರಿದ ಹಾಗೆ ತುಂಬಿದ್ದವು. ಕುದಿಯುವ ನೀರು ಹೊಯ್ದು, ಸಿಮೆಂಟ್ ಮೆತ್ತಿಸಿದೆವು. ಗೋಣಿಚೀಲಗಳನ್ನೆಲ್ಲ ಸುಟ್ಟೆವು.

ಈಗಿರುವವನು ಗುಂಡ. ಗೋಡೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುತ್ತೇನಲ್ಲ, ಅದರ ಕೆಳಗೇ ಅವನ ಊಟದ್ದೂ ಬರೆಯುತ್ತೇನೆ. ಪೂರ್ತಿ ತಿಂದರೆ ಸರಿ ಗುರುತು, ಬಿಟ್ಟರೆ ಸೊನ್ನೆ. ಭಾನುವಾರ ಭಾನುವಾರ ರೆಪ್ಪೆ ನೋಡುತ್ತೇನೆ. ಆರೋಗ್ಯವಾಗಿದ್ದಾಗಿನ ಬಣ್ಣ ಕಣ್ಣಿಗೆ ಅಭ್ಯಾಸ ಆಗಿರಬೇಕು. ಇಲ್ಲದಿದ್ದರೆ ಬಿಳಿಚಿದಾಗ ಮೊದಲೂ ಹೀಗೇ ಇತ್ತೇನೋ ಅನಿಸಿಬಿಡುತ್ತದೆ.

ಡಾಕ್ಸಿಸೈಕ್ಲಿನ್ ಖಾಲಿ ಹೊಟ್ಟೆಗೆ ಕೊಡಬೇಡ, ವಾಂತಿ ಮಾಡುತ್ತಾನೆ. ಹತ್ತನೇ ದಿನ ಓಡಾಡಲು ಶುರು ಮಾಡುತ್ತಾನೆ, ಆಗ ನಿಲ್ಲಿಸಿಬಿಡಬೇಡ. 28 ಎಂದರೆ 28.


ನಿವೃತ್ತ ಪಶುವೈದ್ಯ, ಬೆಂಗಳೂರು
ಮಂಗಳವಾರ, ಬೆಳಿಗ್ಗೆ 9:30

ಬಬೀಸಿಯಾದಲ್ಲಿ ಬೇರೆ ಬೇರೆ ಬಗೆ ಇವೆ. ಗಿಬ್ಸೋನಿ ಎಂಬ ಸಣ್ಣದು ಹಟಮಾರಿ, ದೊಡ್ಡ ಬಗೆಗೆ ಕೊಡುವ ಇಂಜೆಕ್ಷನ್‌ಗೆ ಸುಲಭವಾಗಿ ಬಗ್ಗುವುದಿಲ್ಲ. ನಿಮ್ಮದು ಯಾವುದೆಂದು ಡಾಕ್ಟರನ್ನು ಕೇಳಿ ಬರೆದಿಟ್ಟುಕೊಳ್ಳಿ. ವಾಸಿಯಾದ ಮೇಲೂ ಕೆಲವು ನಾಯಿಗಳಲ್ಲಿ ಮರುಕಳಿಸುತ್ತದೆ. ರೆಪ್ಪೆ ನೋಡುವುದನ್ನು ಬಿಡಬೇಡಿ.


ತೋಟದಮನೆ, ತೀರ್ಥಹಳ್ಳಿ
ಶನಿವಾರ, ಸಂಜೆ 6:40

ಬುಧವಾರ ಮೂತ್ರ ಚಹಾ ಬಣ್ಣಕ್ಕೆ ಬಂತು, ಗುರುವಾರ ಹಳದಿ. ಜ್ವರ 102. ನಿನ್ನೆ ಗಂಜಿಗೆ ಕೋಳಿ ಬೇಯಿಸಿದ ನೀರು ಹಾಕಿ ಕೊಟ್ಟರೆ ಬಟ್ಟಲು ನೆಕ್ಕಿದ. ರೆಪ್ಪೆ ಇನ್ನೂ ಪೂರ್ತಿ ಗುಲಾಬಿ ಆಗಿಲ್ಲ, ಆದರೆ ಬೆಳ್ಳುಳ್ಳಿ ಥರ ಇಲ್ಲ. ಅಮ್ಮ ದಿನಾ ತಾವೇ ಎಳೆದು ನೋಡುತ್ತಾರೆ, ಮೂಗು ಮುಟ್ಟುವುದು ಬಿಟ್ಟಿದ್ದಾರೆ.

ಬಚ್ಚಲ ಗೋಡೆಯಲ್ಲಿ ಮೂರು ಬಿರುಕು ಸಿಕ್ಕವು ಅಕ್ಕ. ನೀವು ಹೇಳಿದ ಹಾಗೇ ಎದೆಮಟ್ಟಕ್ಕೆ. ನಾಳೆ ಗಾರೆಯವರು ಬರುತ್ತಾರೆ. ಅಲ್ಲಿವರೆಗೆ ಇವನಿಗೆ ಜಗಲಿಯಲ್ಲಿ ಜಾಗ ಮಾಡಿದ್ದೇವೆ.

ಇವತ್ತು ಬೆಳಿಗ್ಗೆ ಅಪ್ಪ ಕತ್ತಿ ತೆಗೆದ ಸದ್ದಿಗೆ ಎದ್ದು ನಿಂತ. ಅಂಗಳದ ಅರ್ಧದವರೆಗೆ ನಡೆದು ನಿಂತುಕೊಂಡ. ಅಪ್ಪ ಕತ್ತಿಯನ್ನು ಕಟ್ಟೆ ಮೇಲಿಟ್ಟು ಅವನ ಪಕ್ಕದಲ್ಲೇ ಕೂತರು, ತೋಟಕ್ಕೆ ಹೋದದ್ದು ಒಂಬತ್ತರ ಮೇಲೆ. ಸೋಮವಾರ ಮತ್ತೆ ರಕ್ತ ಪರೀಕ್ಷೆ ಇದೆ, ಬಂದ ತಕ್ಷಣ ಇಲ್ಲೇ ಹಾಕುತ್ತೇನೆ.